ಕಟ್ಟುವ ಕೈ, ಬಿಚ್ಚುವ ಕೈ

ಮನೆಯಲ್ಲಿ ತಾಟಿನ ಮುಂದೆ ಕೂತು ಉಂಡರೆ ಅದು ಊಟ. ಅದೇ ರೊಟ್ಟಿ, ಅದೇ ಬದನೆಕಾಯಿ ಪಲ್ಯವನ್ನು ಅರಿವೆಯಲ್ಲಿ ಗಂಟು ಹಾಕಿ ಹೊಸ್ತಿಲು ದಾಟಿಸಿದರೆ ಬುತ್ತಿ. ಅಡುಗೆ ಬದಲಾಗಿರುವುದಿಲ್ಲ, ನಡುವೆ ಒಂದು ದಾರಿ ಬಂದಿರುತ್ತದೆ. ಬುತ್ತಿಯನ್ನು ಕಟ್ಟುತ್ತಾರೆ, ಆಮೇಲೆ ಬಿಚ್ಚುತ್ತಾರೆ. ಕಟ್ಟುವ ಕೈ ಒಂದು ಕಡೆ, ಬಿಚ್ಚುವ ಕೈ ಇನ್ನೊಂದು ಕಡೆ. ಊರು ಬಿಟ್ಟು ದುಡಿಯಲು ಹೋದ ಮನೆಯಲ್ಲಿ ಬೆಳೆದ ನನಗೆ ಕನ್ನಡದಲ್ಲಿ ಇದಕ್ಕಿಂತ ಹತ್ತಿರದ ಶಬ್ದ ಇನ್ನೊಂದಿಲ್ಲ.

ಸಂಸ್ಕೃತದ ‘ಭುಕ್ತಿ’ಯ ತದ್ಭವ ಇದು. ಭುಕ್ತಿ ಎಂದರೆ ಉಣ್ಣುವುದು, ಅನುಭವಿಸುವುದು, ಅಷ್ಟೇ. ಅದರಲ್ಲಿ ಪ್ರಯಾಣವಿಲ್ಲ, ಗಂಟಿಲ್ಲ. ಕನ್ನಡದ ಬಾಯಿಗೆ ಬಿದ್ದು ಮಹಾಪ್ರಾಣ ಕಳೆದುಕೊಂಡು ಮೆತ್ತಗಾದ ಮೇಲೆ ಅದಕ್ಕೆ ಕಾಲು ಮೂಡಿದವು. ನಮ್ಮ ರೈತರು ಹೊಲಕ್ಕೆ ಹೊತ್ತರು, ಗಾಡಿ ಹೊಡೆಯುವವರು ನೊಗಕ್ಕೆ ತೂಗುಹಾಕಿದರು, ಜಾತ್ರೆಗೆ ಹೊರಟವರು ಹೆಗಲಿಗೇರಿಸಿದರು.

ನಮ್ಮಪ್ಪ ಕುಂದಗೋಳ ತಾಲೂಕಿನ ಯರಗುಪ್ಪಿಯವನು. ಎರಿಹೊಲದ ಸೀಮೆ. ಮಳೆ ಬಂದರೆ ಹತ್ತಿ, ಮೆಣಸಿನಕಾಯಿ, ಕಡಲೆ, ಬಿಳಿಜೋಳ. ಬಾರದಿದ್ದರೆ ಅಂಗೈ ಅಗಲ ಬಿರಿದ ನೆಲ. 1961ರಲ್ಲಿ ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾದ ಮೇಲೆ ಅಲ್ಲಿನ ಬಂದರು, ಗಣಿ, ಕಟ್ಟಡದ ಕೆಲಸಕ್ಕೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಸಾಲುಸಾಲಾಗಿ ಜನ ಹೋದರು. ಆ ಸಾಲಿನಲ್ಲಿ ಅಪ್ಪನೂ ಒಬ್ಬ. ಹುಬ್ಬಳ್ಳಿಯಲ್ಲಿ ರೈಲು ಹತ್ತಿದರೆ ಧಾರವಾಡ, ಅಳ್ನಾವರ, ಲೋಂಡಾ, ಕ್ಯಾಸಲ್‌ರಾಕ್. ಅಲ್ಲಿಂದ ಘಟ್ಟ ಇಳಿದು, ದೂಧಸಾಗರದ ನೀರಿನ ತುಂತುರು ಮುಖಕ್ಕೆ ಹೊಡೆಸಿಕೊಂಡು, ಕುಳೇ, ಮಡಗಾಂವ್, ಕೊನೆಗೆ ವಾಸ್ಕೋ. ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಘಟ್ಟದ ಮೇಲಿನಿಂದ ಬಂದ ನಮ್ಮಂಥವರಿಗೆ ಅಲ್ಲಿ ‘ಘಾಂಟಿ’ ಎಂದು ಹೆಸರು. ಅದನ್ನು ಯಾರೂ ಪ್ರೀತಿಯಿಂದ ಕರೆಯುತ್ತಿರಲಿಲ್ಲ.

ಆಗಿನ ಒಂದು ಮಾತು ಈಗಲೂ ನೆನಪಿದೆ. ನಮ್ಮ ಮನೆಯಲ್ಲಿ ಅಜ್ಜಿಗೆ ‘ಆಯಿ’ ಅನ್ನುತ್ತೇವೆ. ವಾಸ್ಕೋದ ನನ್ನ ಗೆಳೆಯರ ಮನೆಗಳಲ್ಲಿ ಆಯಿ ಎಂದರೆ ತಾಯಿ. “ನಮ್ಮ ಆಯಿ ಊರಾಗ ಅದಾಳ, ರೊಟ್ಟಿ ಕಳಸ್ತಾಳ” ಎಂದು ನಾನು ಹೆಮ್ಮೆಯಿಂದ ಹೇಳಿದ್ದನ್ನು ಕೇಳಿ, ತಾಯಿಯನ್ನು ಬಿಟ್ಟು ಬಂದ ಹುಡುಗ ಎಂದುಕೊಂಡು ಒಬ್ಬ ಗೆಳೆಯನ ಮನೆಯವರು ವಾರಗಟ್ಟಲೆ ನನ್ನನ್ನು ಕರೆದು ಉಣಿಸಿದ್ದರು. ನಾನೂ ಬೇಡವೆನ್ನಲಿಲ್ಲ. ಅನ್ನ, ತೆಂಗಿನಕಾಯಿ ಅರೆದ ಸಾರು, ಮುರುಗಲ ಹುಳಿಯ ಸೋಲದ ಕಡಿ. ನನ್ನ ನಾಲಿಗೆಯ ಅರ್ಧ ಅಲ್ಲಿಯದೇ.

ಇನ್ನರ್ಧ ಊರಿಂದ ಬರುವವರ ಕೈಯಲ್ಲಿ ಬರುತ್ತಿತ್ತು. ಹಳೆಯ ಧೋತರದ ತುಂಡಿನಲ್ಲಿ ಕಟ್ಟಿದ ಕಟಿರೊಟ್ಟಿ, ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಭರಣಿಯಲ್ಲಿ ಕೆಂಪುಖಾರ. ಗಂಟು ಬಿಚ್ಚಿದೊಡನೆ ಅವ್ವ ಮೊದಲು ಮಾಡುತ್ತಿದ್ದದ್ದು ಒಂದೇ: ಒಂದು ರೊಟ್ಟಿ ಎತ್ತಿ ಮುರಿದು ಶಬ್ದ ಕೇಳುವುದು. ಲಟ್ ಅಂದರೆ ಅವಳ ಮುಖ ಅರಳುತ್ತಿತ್ತು. ಯರಗುಪ್ಪಿಯ ಒಣ ಗಾಳಿಯಲ್ಲಿ ತಿಂಗಳಾದರೂ ಕಟಿಯಾಗಿರುವ ರೊಟ್ಟಿ ಸಮುದ್ರದ ಗಾಳಿಯಲ್ಲಿ, ಅದರಲ್ಲೂ ಆಷಾಢದಲ್ಲಿ, ಮೂರೇ ದಿನಕ್ಕೆ ತೊಗಲಿನ ಹಾಗೆ ಜಗ್ಗುತ್ತಿತ್ತು. ಅವ್ವ ಅವನ್ನು ಅಕ್ಕಿಯ ಡಬ್ಬಿಯಲ್ಲಿ ಹೂಳಿಡುತ್ತಿದ್ದಳು, ಹಂಚಿನ ಮೇಲೆ ಮತ್ತೆ ಕಾಯಿಸುತ್ತಿದ್ದಳು. ಸುಡುವ ರೊಟ್ಟಿಯನ್ನು ಕೈಯಿಂದ ಕೈಗೆ ಹಾರಿಸುತ್ತ ಮತ್ತೊಮ್ಮೆ ಮುರಿದು ನೋಡುತ್ತಿದ್ದಳು.

ಬುತ್ತಿ ಬರೀ ದಾರಿಯ ಅನ್ನವಲ್ಲ ಎಂಬುದು ರಜೆಗೆ ಊರಿಗೆ ಹೋದಾಗಲೇ ತಿಳಿದದ್ದು. ಬಸುರಿಗೆ ತವರಿನವರು ತರುವುದು ಬಯಕೆಯ ಬುತ್ತಿ. ಸೀಗಿ ಹುಣ್ಣಿಮೆಗೆ ಹೊಲವೇ ಬಸುರಿ. ಅವಳಿಗೂ ಬುತ್ತಿ ಹೊತ್ತು ಹೋಗಿ ಚರಗ ಚೆಲ್ಲುತ್ತಾರೆ. ಸಾವಾದ ಮನೆಯಲ್ಲಿ ಒಲೆ ಹೊತ್ತದಿದ್ದಾಗ ಬಂಧುಗಳು ಮಾತಿಲ್ಲದೆ ಒಳಗೆ ತಂದಿಡುವುದೂ ಬುತ್ತಿಯೇ. ಇವುಗಳಲ್ಲಿ ಯಾವುದನ್ನೂ ತನಗಾಗಿ ತಾನು ಕಟ್ಟಿಕೊಂಡಿರುವುದಿಲ್ಲ. ಡಬ್ಬಿ, ಟಿಫಿನ್, ಪಾರ್ಸೆಲ್ ಎಂಬ ಮಾತುಗಳು ಈಗ ನಮ್ಮವೇ ಆಗಿವೆ, ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಪಾರ್ಸೆಲ್ ಯಾರಾದರೂ ಕಟ್ಟಿಸಿಕೊಳ್ಳಬಹುದು. ಬುತ್ತಿಗೆ ನಮ್ಮ ಹಸಿವು ಗೊತ್ತಿದ್ದ ಒಬ್ಬರು ಬೇಕು.

ಪತ್ರಿಕೆಗಳಲ್ಲಿ ‘ನೆನಪಿನ ಬುತ್ತಿ ಬಿಚ್ಚಿಟ್ಟರು’ ಎಂಬ ಸಾಲು ಎಷ್ಟೋ ಸಲ ಬರುತ್ತದೆ. ಸವಕಳಿಯಾದ ಮಾತು ಎಂದು ಸಂಪಾದಕರು ಹೊಡೆದು ಹಾಕುತ್ತಾರೆ. ನಾನು ಹೊಡೆಯಲಾರೆ. ನೆನಪು ಎಂಬುದು ಬೇರೆ ಯಾರೋ ನಮಗಾಗಿ ಕಟ್ಟಿಟ್ಟದ್ದು ಎಂದು ಮೊದಲು ಹೇಳಿದವರು ಯಾರೇ ಇರಲಿ, ಅವರು ಬುತ್ತಿ ಬಿಚ್ಚಿ ಉಂಡವರೇ.

ಕಾಲೇಜಿಗೆ ಅಪ್ಪ ನನ್ನನ್ನು ಹುಬ್ಬಳ್ಳಿಗೆ ಕಳಿಸಿದ. ವಾಸ್ಕೋದಲ್ಲಿ ಘಾಂಟಿಯಾಗಿದ್ದವನು ಇಲ್ಲಿ ‘ಗೋವಾದಂವ’ ಆದೆ. ಕನ್ನಡ ಮಾತಾಡಿದರೆ ಗೆಳೆಯರು ನಗುತ್ತಿದ್ದರು, ನಡುನಡುವೆ ಕೊಂಕಣಿ ನುಸುಳುತ್ತಿತ್ತು. ಆಗ ಹುಬ್ಬಳ್ಳಿ-ಧಾರವಾಡದಲ್ಲಿ ರೂಮು ಮಾಡಿಕೊಂಡು ಓದುವ ಹುಡುಗರಿಗೆ ಊರಿಂದ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ಬೆಳಗಿನ ಬಸ್ಸಿಗೆ ಮನೆಯವರು ಕೊಟ್ಟರೆ, ಇಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ಇಳಿಸಿಕೊಂಡು, ನಿನ್ನೆಯ ಖಾಲಿ ಡಬ್ಬಿ ಏರಿಸುತ್ತಿದ್ದರು. ಆಯಿಗೆ ಇದು ಗೊತ್ತಾಗಿ ಕೇಳದೆಯೇ ಶುರುಮಾಡಿದಳು. ಮೊದಲ ದಿನ ಬಸ್ಸು ನಿಂತೊಡನೆ ಕಂಡಕ್ಟರ್ ಕಿಟಕಿಯಿಂದ ಒಂದು ಚೀಲ ಎತ್ತಿ ಹಿಡಿದು ಕೂಗಿದರು:

“ಯರಗುಪ್ಪಿ ಬುತ್ತಿ ಯಾರದೋ?”

ಸುತ್ತ ಇಪ್ಪತ್ತು ಹುಡುಗರಿದ್ದರು. “ನಂದ್ರೀ” ಅಂದೆ. ಅದುವರೆಗೆ ಆ ಊರನ್ನು ನನ್ನದೆಂದು ನಾನು ಹೇಳಿಕೊಂಡದ್ದೇ ಇರಲಿಲ್ಲ. ಅಂದಿನಿಂದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಹೆಸರು ಯರಗುಪ್ಪಿ.

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು ಎಂದು ನಮ್ಮಲ್ಲೊಂದು ಗಾದೆ. ಹಿರಿಯರ ಮಾತಿಗೆ ಎದುರಾಡಬಾರದು ಎನ್ನುತ್ತಾರೆ, ಆದರೂ ಈ ಗಾದೆಯನ್ನು ನಾನು ಪೂರ್ತಿ ಒಪ್ಪಲಾರೆ. ಆಯಿಯ ರೊಟ್ಟಿ ಮೂರು ದಿನ ಬಂತು, ನಿಜ. ಅದನ್ನು ಮುರಿದು ಕಿವಿಗೊಟ್ಟು ಕೇಳುವ ಅಭ್ಯಾಸ ಇವತ್ತಿಗೂ ನನ್ನ ಕೈಯಲ್ಲಿದೆ.

ಒಂದು ಬೇಸಿಗೆ ವಾಸ್ಕೋದಿಂದ ಊರಿಗೆ ಹೊರಟಾಗ ಅವ್ವ ಆಯಿಗೆಂದು ಬುತ್ತಿ ಕಟ್ಟಿದಳು. ಒಣಗಿಸಿದ ಸೋಲ, ಗೋಡಂಬಿ, ಮತ್ತು ಬೆಳಗ್ಗೆ ಸೈಕಲ್ ಮೇಲೆ ಬರುವವನ ಹತ್ತಿರ ಕೊಂಡ ಆರು ಪಾವು. ಊರು ಮುಟ್ಟಿ, ಆಯಿ ಆ ಗಂಟಿಗೆ ಕೈ ಹಚ್ಚುವಷ್ಟರಲ್ಲಿ ಮರುದಿನ ಮಧ್ಯಾಹ್ನವಾಗಿತ್ತು. ಎರಿನಾಡಿನ ಬಿಸಿಲಿಗೆ ಪಾವು ಕಲ್ಲಾಗಿದ್ದವು. ನನಗೆ ಅಳು ಬಂದಂತಾಯಿತು. ಆಯಿ ಒಂದನ್ನು ಎತ್ತಿ ಎರಡು ಕೈಯಿಂದ ಮುರಿದಳು. ಲಟ್ ಅಂತು.

“ಅಯ್ಯ ತಮ್ಮಾ, ಇದೂ ಕಟಿರೊಟ್ಟಿನ ಆಗೇತಲ್ಲೋ!”

ಶೇಂಗಾ ಚಟ್ನಿಗೆ ಮೊಸರು ಕಲಸಿ, ಪಾವನ್ನು ಅದರಲ್ಲಿ ಒತ್ತಿ ಮೆತ್ತಗೆ ಮಾಡಿ ಇಬ್ಬರೂ ಉಂಡೆವು. ನಾನು ಹೊರಡುವ ದಿನ ಅದೇ ಅರಿವೆಯನ್ನು ಜಾಡಿಸಿ, ಬರಿದು ಕಳಿಸಬಾರದೆಂದು ಹತ್ತು ರೊಟ್ಟಿ ಇಟ್ಟು ಗಂಟು ಹಾಕಿದಳು.