ಕತ್ತಿಹಲ್ಲಿನ ಬೆಕ್ಕು: ಪ್ರಭೇದ ನಿರೂಪಣೆಯ ಚರಿತ್ರೆ

ಮೇಲ್ದವಡೆಯ ಕೋರೆಹಲ್ಲುಗಳು ನೀಳವಾಗಿ, ಚಪ್ಪಟೆಯಾಗಿ, ಹಿಂದಕ್ಕೆ ಬಾಗಿ ಬೆಳೆದಿದ್ದ, ಈಗ ಅಳಿದುಹೋಗಿರುವ ಬೆಕ್ಕಿನ ವಂಶದ ಪ್ರಾಣಿಗಳನ್ನು ಕತ್ತಿಹಲ್ಲಿನ ಬೆಕ್ಕುಗಳೆನ್ನುತ್ತಾರೆ. ಹಲ್ಲಿನ ಎನಾಮಲ್ ಮೂಳೆಗಿಂತ ಗಟ್ಟಿಯಾದ್ದರಿಂದ ಹಲವೆಡೆ ಉಳಿದು ಸಿಗುವುದು ಹಲ್ಲೊಂದೇ. ಅದನ್ನೇ ನಂಬಿ ಮೊದಲಿಗರು ಎಡವಿದರು. 1824ರಲ್ಲಿ ಫ್ರಾನ್ಸಿನ ಪ್ರಾಣಿವಿಜ್ಞಾನಿ ಕುವಿಯೇ ಇಂಥ ಬಿಡಿ ಕೋರೆಗಳನ್ನು ಕರಡಿಯವೆಂದು ಬಗೆದು ಉರ್ಸಸ್ ಕಲ್ಟ್ರಿಡೆನ್ಸ್ ಎಂದು ಹೆಸರಿಟ್ಟ. 1833ರಲ್ಲಿ ಜರ್ಮನಿಯ ಕೌಪ್ ಮಕೈರೋಡಸ್ ಕುಲವನ್ನು ಸ್ಥಾಪಿಸಿದ. ಬ್ರೆಜಿಲ್‌ನ ಗುಹೆಗಳಲ್ಲಿ ಅಗೆಸುತ್ತಿದ್ದ ಡೆನ್ಮಾರ್ಕಿನ ಲುಂಡ್ 1839ರಲ್ಲಿ ತನಗೆ ಸಿಕ್ಕ ಹಲ್ಲುಗಳನ್ನು ಕತ್ತೆಕಿರುಬದ ಲೆಕ್ಕಕ್ಕೆ ಸೇರಿಸಿ ಹೆಸರಿಟ್ಟಿದ್ದ. ಸರಿಯಾದ ವಿವರಣೆಯಿಲ್ಲದ ಆ ಹೆಸರು ನಿಲ್ಲಲಿಲ್ಲ. 1842ರಲ್ಲಿ ಅವನೇ ಕೊಟ್ಟ ಸ್ಮೈಲೋಡಾನ್ ಪಾಪ್ಯುಲೇಟರ್ ಇಂದಿಗೂ ಚಾಲ್ತಿಯಲ್ಲಿದೆ. ಮೂಳೆ ಸಿಕ್ಕಿದ ಮಾತ್ರಕ್ಕೆ ಪ್ರಭೇದ ಹುಟ್ಟುವುದಿಲ್ಲ. ಹತ್ತಿರದ ಬಂಧುಗಳಿಂದ ಅದು ಎಲ್ಲಿ ಬೇರೆ ಎಂಬುದನ್ನು ಬರೆದು ಪ್ರಕಟಿಸಿದಾಗಲೇ ಹೆಸರಿಗೆ ಆಧಾರ ಸಿಗುತ್ತದೆ.

ಭಾರತದ ಕತ್ತಿಹಲ್ಲಿನ ಬೆಕ್ಕುಗಳು ಶಿವಾಲಿಕ್ ಬೆಟ್ಟಗಳವು. ಬ್ರಿಟಿಷ್ ಮ್ಯೂಸಿಯಂ ಸೇರಿದ್ದ ಶಿವಾಲಿಕ್ ಸಂಗ್ರಹವನ್ನು ಪರೀಕ್ಷಿಸಿ 1880ರಲ್ಲಿ ಮಕೈರೋಡಸ್ ಪೇಲಿಯಿಂಡಿಕಸ್ ಎಂಬ ಪ್ರಭೇದವನ್ನು ನಿರೂಪಿಸಿದವರು ಭೂವಿಜ್ಞಾನಿ ಪ್ರಮಥನಾಥ ಬೋಸ್. ಮಯೂರ್‌ಭಂಜಿನ ಕಬ್ಬಿಣದ ಅದಿರಿನ ಬಗ್ಗೆ 1904ರಲ್ಲಿ ಜಮ್‌ಶೆಟ್‌ಜಿ ಟಾಟಾಗೆ ಪತ್ರ ಬರೆದವರೂ ಇವರೇ. ಅದಿರಿಗಾಗಿ ನೆನೆಯುವವರು ಬಹಳ. ಇಪ್ಪತ್ತೈದರ ಹರೆಯದಲ್ಲಿ ಭಾರತೀಯನೊಬ್ಬ ಮಾಡಿದ ಈ ಹಲ್ಲು-ದವಡೆಗಳ ಕೆಲಸಕ್ಕೂ ಅಷ್ಟೇ ಗೌರವ ಸಲ್ಲಬೇಕು.

ಇತ್ತ ಕರ್ನಾಟಕದ ಕಂಪ್ಲಿ, ಹಂಪಿಯ ಸುತ್ತಲಿನ ಗ್ರಾನೈಟ್ ಬಂಡೆಗಳಲ್ಲಿ ಇಂಥ ಮೂಳೆ ಹುಡುಕಿ ಫಲವಿಲ್ಲ. ಹತ್ತಿರದ ಸಂಡೂರಿನ ಶಿಲಾಪಟ್ಟಿಗೆ ಸುಮಾರು 270 ಕೋಟಿ ವರ್ಷ. ಅದರಲ್ಲಿರುವುದು ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮಟೊಲೈಟ್. ಸಸ್ತನಿಗಳ ಮೂಳೆ ಬೇಕಿದ್ದರೆ ನದಿಯ ಹಳೆಯ ಮೆಕ್ಕಲನ್ನೋ ಗುಹೆಯ ಮಣ್ಣನ್ನೋ ಅರಸಬೇಕು.

ಕತ್ತಿಹಲ್ಲಿನ ಬೆಕ್ಕಿನದಲ್ಲದಿದ್ದರೂ, ಕರ್ನಾಟಕದಲ್ಲಿ ಮೆಕ್ಕಲಿನ ಮೂಳೆಯಿಂದ ಪ್ರಭೇದ ನಿರೂಪಿಸಿದ್ದಕ್ಕೆ ಒಳ್ಳೆಯ ನಿದರ್ಶನ ಗೋಕಾಕದ್ದು. ಅಲ್ಲಿನ ಮೆಕ್ಕಲಿನಲ್ಲಿ ದೊರೆತ ಘೇಂಡಾಮೃಗದ ಅವಶೇಷಗಳನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ರೈನೋಸೆರಸ್ ಡೆಕ್ಕನೆನ್ಸಿಸ್ ಎಂಬ ಹೊಸ ಪ್ರಭೇದವಾಗಿ ಪ್ರಕಟಿಸಿದರು. ಘೇಂಡಾಮೃಗದ ಮೇಲ್ದವಡೆಯ ದವಡೆಹಲ್ಲನ್ನು ಅಡಿಮೇಲಾಗಿ ಹಿಡಿದು ನೋಡಿದರೆ, ಸವೆದ ಮೈಮೇಲೆ ಎನಾಮಲ್‌ನ ಏಣುಗಳು ತಿರುವುಮುರುವಾಗಿ ಮಡಿಕೆಗೊಂಡಿರುತ್ತವೆ. ಆ ಮಡಿಕೆಗಳ ವಿನ್ಯಾಸವೇ ಪ್ರಭೇದಗಳನ್ನು ಬೇರ್ಪಡಿಸುವ ಮುಖ್ಯ ಗುರುತು. ಹಲ್ಲು ಸವೆದಂತೆ ಅದೂ ಬದಲಾಗುವುದರಿಂದ ಎಳೆಯ, ಮುದಿ ಹಲ್ಲುಗಳೆರಡನ್ನೂ ಹೋಲಿಸಿಯೇ ತೀರ್ಮಾನಿಸಬೇಕು.

ಇದೇ ಫೂಟ್ ಮುಂದೆ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ದೊಡ್ಡ ಗ್ರಂಥ ಬರೆದರು. ಅದಕ್ಕೂ ಮೊದಲು, 1884-85ರಲ್ಲಿ, ನೆರೆಯ ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗುಹೆಗಳಲ್ಲಿ ಅವರೂ ಅವರ ಮಗ ಹೆನ್ರಿಯೂ ಅಗೆಸಿ ತೆಗೆದ ಮೂಳೆಗಳನ್ನು ಪಳೆಯುಳಿಕೆತಜ್ಞ ಲಿಡೆಕ್ಕರ್ 1886ರಲ್ಲಿ ವಿವರಿಸಿದ. ಅವನು ವಿವರಿಸಿದವುಗಳಲ್ಲಿ ಕರ್ನೂಲಿನ ಹೆಸರು ಹೊತ್ತ ಘೇಂಡಾಮೃಗದ ಪ್ರಭೇದವೂ ಒಂದು.