ಸಾನ್ ಮಾರ್ಕೊ ಮಠದ ಭಿತ್ತಿಚಿತ್ರಗಳು

ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ ಸಾನ್ ಮಾರ್ಕೊ ಎಂಬ ಕ್ರೈಸ್ತ ದೇವಾಲಯವೂ ಅದಕ್ಕೆ ಹೊಂದಿಕೊಂಡ ಮಠವೂ ಇವೆ. ಕ್ರಿ. ಶ. ೧೪೩೬ರಲ್ಲಿ ಇವು ಸಮೀಪದ ಫಿಯೆಸೊಲೆಯ ಡೊಮಿನಿಕನ್ ಯತಿಗಳ ವಶಕ್ಕೆ ಬಂದುವು. ಶಿಥಿಲವಾಗಿದ್ದ ಮಠವನ್ನು ನಗರದ ಮಹಾಧನಿಕನಾದ ಕೊಸಿಮೊ ಡಿ ಮೆಡಿಚಿಯು ಮಿಕೆಲೊತ್ಸೊ ಎಂಬ ಶಿಲ್ಪಿಯಿಂದ ಪುನಃ ಕಟ್ಟಿಸಿದನು. ಗೋಡೆಗಳಲ್ಲಿ ಚಿತ್ರ ಬರೆಯುವ ಕಾರ್ಯವು ಅದೇ ಪಂಥದ ಯತಿಯಾದ ಫ್ರಾ ಆಂಜೆಲಿಕೊವಿಗೂ ಆತನ ಸಹಾಯಕರಿಗೂ ಸೇರಿತು.

ಈ ಚಿತ್ರಗಳ ಸ್ವರೂಪವನ್ನು ಅರಿಯಬೇಕಾದರೆ ಅವು ಯಾರಿಗಾಗಿ ಬರೆಯಲ್ಪಟ್ಟುವೆಂಬುದನ್ನು ಮೊದಲು ವಿಚಾರಿಸಬೇಕು. ಮೇಲಂತಸ್ತಿನಲ್ಲಿ ಯತಿಗಳು ವಾಸಿಸುತ್ತಿದ್ದ ನಲವತ್ತಕ್ಕೂ ಹೆಚ್ಚು ಕಿರುಕೋಣೆಗಳಿವೆ. ಬಹುಮಟ್ಟಿಗೆ ಒಂದು ಕೋಣೆಗೆ ಒಂದು ಕಿಟಕಿ, ಒಂದು ಚಿತ್ರ. ಪುರಜನರ ಮೆಚ್ಚಿಕೆಗೆ ಅಲ್ಲಿ ಎಡೆಯಿರಲಿಲ್ಲ. ಅದಕ್ಕೆ ತಕ್ಕಂತೆ ಆಡಂಬರವೂ ಅಲ್ಲಿಲ್ಲ. ಮೂರನೆಯ ಕೋಣೆಯಲ್ಲಿ ದೇವದೂತನು ಮೇರಿಗೆ ಶುಭವಾರ್ತೆಯನ್ನು ತಿಳಿಸುತ್ತಾನೆ. ಹಿಂದೆ ಬರಿಯ ಬಿಳಿಗೋಡೆ. ಪಕ್ಕದಲ್ಲಿ ಕೈಮುಗಿದು ನೋಡುತ್ತಿರುವ ಡೊಮಿನಿಕನ್ ಸಂತನೊಬ್ಬನು. ಏಳನೆಯ ಕೋಣೆಯಲ್ಲಿ ಕಣ್ಣು ಕಟ್ಟಲ್ಪಟ್ಟ ಕ್ರಿಸ್ತನು ಕುಳಿತಿದ್ದಾನೆ. ಹಿಂಸಕರ ದೇಹಗಳೇ ಇಲ್ಲ. ಹೊಡೆಯುವ ಕೈಗಳೂ ಉಗುಳುವ ಒಂದು ತಲೆಯೂ ಮಾತ್ರ ಶೂನ್ಯದಲ್ಲಿ ತೋರುತ್ತವೆ. ಕೆಳಗೆ ಸಂತ ಡೊಮಿನಿಕನು ಗ್ರಂಥವನ್ನು ಓದುತ್ತಿದ್ದಾನೆ. ಕಥೆಯನ್ನು ನಿರೂಪಿಸುವುದು ಇಲ್ಲಿ ಉದ್ದೇಶವಲ್ಲ. ಓದುವವನ ಧ್ಯಾನದಲ್ಲಿ ಆ ಕಥೆಯು ಮೂಡುವ ಬಗೆಯೇ ಚಿತ್ರದ ವಿಷಯ. ಕೋಣೆಯಲ್ಲಿ ವಾಸಿಸುವ ಯತಿಯು ಚಿತ್ರದಲ್ಲಿ ತನ್ನನ್ನೇ ಕಾಣಬೇಕೆಂಬುದು ಚಿತ್ರಕಾರನ ಆಶಯವೆನ್ನಬಹುದು.

ಇದಕ್ಕೆ ಅಪವಾದವೊಂದುಂಟು. ಏಕಾಂತಕ್ಕೆಂದು ಕೊಸಿಮೊ ತನಗಾಗಿ ಇರಿಸಿಕೊಂಡಿದ್ದ ಜೋಡಿಕೋಣೆಯಲ್ಲಿ, ಶಿಶುಕ್ರಿಸ್ತನಿಗೆ ಕಾಣಿಕೆ ತಂದ ಪೂರ್ವದೇಶದ ಜ್ಞಾನಿಗಳು ಪರಿವಾರಸಮೇತರಾಗಿ ಬರುತ್ತಾರೆ. ಮಠಕ್ಕೆ ದ್ರವ್ಯವನ್ನಿತ್ತ ದಾತನಿಗೆ ಕಾಣಿಕೆಯ ಕಥೆಯೇ ಒದಗಿದುದು ಗಮನಾರ್ಹವಾಗಿದೆ.

ದೇವಾಲಯದ ಪ್ರಧಾನ ವೇದಿಕೆಗೆಂದು ಫ್ರಾ ಆಂಜೆಲಿಕೊ ಹಲಗೆಗಳ ಮೇಲೆ ಬರೆದ ಚಿತ್ರಸಮೂಹವು ಕಾಲಾಂತರದಲ್ಲಿ ಬಿಡಿಬಿಡಿಯಾಗಿ ಚದುರಿತು. ಅದರ ಕೆಲವು ಭಾಗಗಳು ಮ್ಯೂನಿಕ್, ಪ್ಯಾರಿಸ್, ಡಬ್ಲಿನ್, ವಾಷಿಂಗ್ಟನ್ ನಗರಗಳನ್ನು ಸೇರಿವೆ. ಹಸಿ ಗಾರೆಯಲ್ಲಿ ಬಣ್ಣವಿಂಗಿ ಗೋಡೆಯೊಡನೆ ಒಂದಾದ ಕೋಣೆಯ ಚಿತ್ರಗಳಾದರೋ ಬರೆದ ಸ್ಥಳದಲ್ಲಿಯೇ ಉಳಿದಿವೆ. ಆದರೆ ಸ್ಥಳವು ಉಳಿದರೂ ನೋಟವು ಬದಲಾಗಿದೆ. ೧೮೬೯ರಲ್ಲಿ ಮಠದ ಈ ಭಾಗವು ವಸ್ತುಸಂಗ್ರಹಾಲಯವಾಯಿತು. ಅಂದಿನಿಂದ ಪ್ರೇಕ್ಷಕನು ಕೋಣೆಯಿಂದ ಕೋಣೆಗೆ ನಡೆದು ಎಲ್ಲ ಚಿತ್ರಗಳನ್ನೂ ಒಂದೇ ದಿನದಲ್ಲಿ ನೋಡುತ್ತಾನೆ. ಯತಿಯಾದರೋ ತನ್ನ ಕೋಣೆಯ ಒಂದೇ ಚಿತ್ರವನ್ನು ದಿನದಿನವೂ ನೋಡುತ್ತಿದ್ದನು. ಈ ಭೇದವನ್ನು ಮರೆತು ಇವನ್ನು ಕೇವಲ ಚಿತ್ರಶಾಲೆಯ ಕೃತಿಗಳೆಂದು ಅಳೆದರೆ, ಅವುಗಳ ಸರಳತೆಯು ಕೊರತೆಯಾಗಿ ತೋರುವ ಸಂಭವವುಂಟು.