ಕಡತದಿಂದ ಸರ್ವರ್‌ವರೆಗೆ: ಬೆಂಗಳೂರಿನ ಖಾತೆ ಪುಸ್ತಕಗಳು ಮನೆ ಬದಲಿಸಿದ ಕತೆ

ಸರ್ಕಾರಿ ಕಚೇರಿಗೆ ಅಲೆದವರೆಲ್ಲ ಒಂದಲ್ಲ ಒಂದು ದಿನ ಕೇಳಿರುವ ಮಾತು: ‘ಕಡತ ಸಿಗ್ತಿಲ್ಲ, ಮುಂದಿನ ವಾರ ಬನ್ನಿ.’ ಫೈಲಿಗೆ ನಾವು ಕನ್ನಡದಲ್ಲಿ ಕಡತ ಅನ್ನುತ್ತೇವೆ. ಆದರೆ ಮೂಲದಲ್ಲಿ ಕಡತ ಕಾಗದವೇ ಅಲ್ಲ, ಬಟ್ಟೆ. ಹುಣಿಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು ಒಣಗಿಸಿದರೆ ಅದು ಸ್ಲೇಟಿನಂತೆ ಕಪ್ಪಗೆ, ಗಟ್ಟಿಯಾಗುತ್ತಿತ್ತು. ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಕರ. ಕಡತದ ಅನುಕೂಲ ಏನೆಂದರೆ ಬೇಡದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಅದರ ಅಪಾಯವೂ ಅದೇ.

ಈಗ ಬೆಂಗಳೂರಿನಲ್ಲಿ ಮನೆ, ಸೈಟು ಇರುವ ಪ್ರತಿಯೊಬ್ಬರ ಬಾಯಲ್ಲೂ ಇ-ಖಾತೆ. ನಮ್ಮಂಥ ಜಿಲ್ಲೆಗಳಲ್ಲಿ ಅದೇ ಮಾತು ನಮೂನೆ 3, ನಮೂನೆ 9, 11 ಅಂತ ಓಡಾಡುತ್ತಿದೆ. ಸುದ್ದಿಯಲ್ಲಿ ಇದನ್ನು ತಂತ್ರಜ್ಞಾನದ ವಿಷಯ ಎಂದು ಬರೆಯುತ್ತೇವೆ: ಪೋರ್ಟಲ್, ಸರ್ವರ್, ಒಟಿಪಿ. ಆದರೆ ಒಂದು ನಗರ ತನ್ನ ಲೆಕ್ಕವನ್ನು ಹಳೆಯ ಪಾತ್ರೆಯಿಂದ ಹೊಸ ಪಾತ್ರೆಗೆ ಸುರಿಯುವುದು ಇದೇ ಮೊದಲೇನಲ್ಲ. ಪ್ರತಿ ಸಲ ಸುರಿಯುವಾಗಲೂ ಒಂದಿಷ್ಟು ಚೆಲ್ಲಿದೆ. ಚೆಲ್ಲಿದ್ದನ್ನು ಬಳಿದು ತುಂಬಿಸುವ ಕೆಲಸ ಯಾರದ್ದು ಅನ್ನುವುದೇ ನನ್ನ ಪ್ರಶ್ನೆ.

ಮೊದಲು ಖಾತೆ ಎಂದರೇನು ಅನ್ನುವುದು ತಿಳಿದಿರಲಿ. ಎಷ್ಟೋ ಜನ ಅದನ್ನು ಮಾಲೀಕತ್ವದ ಪತ್ರ ಅಂದುಕೊಂಡಿದ್ದಾರೆ. ಅದು ಹಾಗಲ್ಲ. ಈ ಆಸ್ತಿಗೆ ಯಾರಿಂದ ಎಷ್ಟು ಕಂದಾಯ ವಸೂಲಿ ಮಾಡಬೇಕು ಎಂದು ಪಾಲಿಕೆ ತನ್ನ ಅನುಕೂಲಕ್ಕೆ ಬರೆದುಕೊಂಡ ಲೆಕ್ಕ ಅದು. ಹಕ್ಕು ಹುಟ್ಟುವುದು ಕ್ರಯಪತ್ರ, ವಿಭಾಗಪತ್ರ, ವಿಲ್ಲಿನಿಂದ. ಆದರೆ ಬ್ಯಾಂಕು ಸಾಲಕ್ಕೆ ಖಾತೆ ಕೇಳುತ್ತೆ, ಮನೆ ಕಟ್ಟುವ ಪರವಾನಗಿಗೆ ಖಾತೆ ಬೇಕು, ಈಗ ಮಾರಾಟದ ನೋಂದಣಿಗೂ ಇ-ಖಾತೆಯೇ ಬೇಕು. ಹೀಗಾಗಿ ಕಂದಾಯದ ಒಂದು ಪುಸ್ತಕ ನಿಧಾನವಾಗಿ ಜನರ ಪಾಲಿಗೆ ಹಕ್ಕಿನ ಪುಸ್ತಕವೇ ಆಗಿಬಿಟ್ಟಿದೆ. ಹಾಳೆ ಹರಿದರೆ ಪಾಲಿಕೆಗೆ ಒಂದು ಸಾಲು ಹೋಗುತ್ತೆ, ಮನೆಯವನಿಗೆ ಮನೆಯೇ ಹೋದಷ್ಟು ತೊಂದರೆ.

ಬೆಂಗಳೂರಿಗೆ ಶುರುವಿನಿಂದಲೂ ಒಂದು ಪುಸ್ತಕ ಇರಲಿಲ್ಲ. 1862ರಲ್ಲಿ ಪೇಟೆಗೆ ಒಂದು ಮುನಿಸಿಪಲ್ ಬೋರ್ಡು ಆಯಿತು, ಅದರ ಬೆನ್ನಿಗೇ ದಂಡಿಗೆ ಅಂದರೆ ಕಂಟೋನ್ಮೆಂಟಿಗೆ ಬೇರೆಯದೇ ಬೋರ್ಡು. 1881ರಲ್ಲಿ ಮೈಸೂರು ಮತ್ತೆ ಒಡೆಯರ ಕೈಗೆ ಬಂದ ಮೇಲೆ ಪೇಟೆ ಕಡೆ ಮಹಾರಾಜರ ಸರ್ಕಾರ, ದಂಡಿನ ಕಡೆ ಬ್ರಿಟಿಷ್ ರೆಸಿಡೆಂಟ್. ಒಂದೇ ಊರು, ಎರಡು ಆಡಳಿತ, ಎರಡು ಕಂದಾಯ. ಇವೆರಡನ್ನೂ ಸೇರಿಸಿ ಒಂದು ಕಾರ್ಪೊರೇಷನ್ ಮಾಡಿದ್ದು 1949ರಲ್ಲಿ. ಇತಿಹಾಸದ ಪುಸ್ತಕದಲ್ಲಿ ಇದು ಒಂದು ಸಾಲು. ಕಂದಾಯ ಶಾಖೆಯ ಗುಮಾಸ್ತನಿಗೆ ಮಾತ್ರ ಎರಡು ಆಡಳಿತ ಬರೆದ ಲೆಕ್ಕವನ್ನು ಒಂದು ಕಾನೂನಿನಡಿ ತರುವ ಕೆಲಸ.

ಮುಂದಿನ ದೊಡ್ಡ ಹೆಜ್ಜೆ ಸಂಖ್ಯೆಯದ್ದು. ಪ್ರತಿ ಆಸ್ತಿಗೂ ಪಿಐಡಿ ಎಂಬ ಗುರುತು ಸಂಖ್ಯೆ ಕೊಟ್ಟರು. ಮೊದಲ ಭಾಗ ವಾರ್ಡು, ಎರಡನೆಯದು ರಸ್ತೆ, ಮೂರನೆಯದು ನಿವೇಶನ. ನೋಡಿದರೆ ಚೆನ್ನಾಗಿದೆ, ಸಂಖ್ಯೆ ಓದಿದರೆ ಆಸ್ತಿ ಎಲ್ಲಿದೆ ಅಂತ ಗೊತ್ತಾಗುತ್ತೆ. ಆದರೆ ವಾರ್ಡು ಊರಿನ ಹಾಗೆ ನಿಂತಲ್ಲಿ ನಿಲ್ಲುವ ವಸ್ತುವಲ್ಲ, ಚುನಾವಣೆಗೊಮ್ಮೆ ಗಡಿ ಬದಲಾಗುವಂಥದ್ದು. ನೂರಿದ್ದ ವಾರ್ಡು 198 ಆಯಿತು. ಆಮೇಲೆ ಕಾಗದದ ಮೇಲೆ 243 ಆಗಿ, 225ಕ್ಕೆ ಇಳಿಯಿತು. ಪಿಐಡಿಯೊಳಗೆ ಹಳೆಯ ವಾರ್ಡು ಹಾಗೇ ಕೂತಿದೆ. ಬದಲಾಗುವ ಸಂಗತಿಯನ್ನು ಗುರುತಿನೊಳಗೆ ಹೊಲಿದರೆ ಹೀಗೇ ಆಗೋದು. ಮದುವೆ ಆಮಂತ್ರಣದಲ್ಲಿ ‘ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲ್ ಪಕ್ಕ’ ಅಂತ ವಿಳಾಸ ಹಾಕಿ, ಬಸ್‌ಸ್ಟ್ಯಾಂಡನ್ನೇ ಊರಾಚೆಗೆ ಸಾಗಿಸಿದಂತೆ.

2000ದಲ್ಲಿ ಸ್ವಯಂ ಘೋಷಣೆಯ ಆಸ್ತಿ ತೆರಿಗೆ ಬಂತು. ನಿಮ್ಮ ಮನೆ ಎಷ್ಟು ಚದರ, ಯಾವ ಬಡಾವಣೆ, ಬಾಡಿಗೆಗೆ ಕೊಟ್ಟಿದ್ದೀರಾ ಅನ್ನುವುದನ್ನು ನೀವೇ ಲೆಕ್ಕ ಹಾಕಿ ಕಟ್ಟಿ ಅಂದರು. ಕಂದಾಯ ಅಧಿಕಾರಿಯ ಜೊತೆ ಚೌಕಾಶಿ ಮಾಡುವ ಸಂಕಟ ತಪ್ಪಿದ್ದು ಒಳ್ಳೆಯದೇ. ಜೊತೆಗೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. ಅಲ್ಲಿಯವರೆಗೆ ನಗರದ ಮಾಹಿತಿ ತುಂಬುವವರು ನಗರದ ನೌಕರರು. ಅಲ್ಲಿಂದ ಮುಂದೆ ತುಂಬುವವರು ನಾವು.

2007ರಲ್ಲಿ ಬಿಬಿಎಂಪಿ ಹುಟ್ಟಿತು. ಯಲಹಂಕ, ಕೆ.ಆರ್. ಪುರ, ಮಹದೇವಪುರ, ಬೊಮ್ಮನಹಳ್ಳಿ, ದಾಸರಹಳ್ಳಿ, ಬ್ಯಾಟರಾಯನಪುರ, ರಾಜರಾಜೇಶ್ವರಿನಗರ, ಹೀಗೆ ಏಳು ನಗರಸಭೆ. ಕೆಂಗೇರಿ ಪುರಸಭೆ. ಜೊತೆಗೆ 110 ಹಳ್ಳಿ. ನಗರಸಭೆಯ ರಿಜಿಸ್ಟರಿನ ಪಕ್ಕದಲ್ಲೇ ಗ್ರಾಮ ಪಂಚಾಯಿತಿಯ ರಿಜಿಸ್ಟರೂ ಬಂದು ಕೂತಿತು. ಪರಿವರ್ತನೆ ಆಗದ ಜಮೀನು, ನಕ್ಷೆ ಇಲ್ಲದ ಬಡಾವಣೆ, ಬರೇ ಪಂಚಾಯಿತಿ ರಸೀದಿ ನಂಬಿ ಕಟ್ಟಿದ ಮನೆ, ಎಲ್ಲವೂ ಒಳಗೆ ಬಂದವು. ಇವುಗಳಿಗೆ ಕಂದಾಯ ಬಿಡುವಂತಿಲ್ಲ, ಸಕ್ರಮ ಅನ್ನುವಂತೆಯೂ ಇಲ್ಲ. ಅದಕ್ಕೆ ಪಕ್ಕದಲ್ಲಿ ಒಂದು ಬೇರೆ ರಿಜಿಸ್ಟರ್ ಇಟ್ಟರು. ಜನ ಅದಕ್ಕೆ ‘ಬಿ ಖಾತೆ’ ಅಂತ ಹೆಸರಿಟ್ಟರು. ಒಂದು ಪುಸ್ತಕದಲ್ಲಿ ಬರೆಯಲಾಗದ್ದಕ್ಕೆ ಇನ್ನೊಂದು ಪುಸ್ತಕ, ಇದು ಲೆಕ್ಕ ಬರೆಯುವವರ ಹಳೇ ಉಪಾಯ.

ನಮ್ಮ ಹಳ್ಳಿಗಳಲ್ಲಿ ಇಷ್ಟರೊಳಗೆ ಪಹಣಿ ಕಂಪ್ಯೂಟರಿಗೆ ಏರಿ ಆಗಿತ್ತು. ‘ಭೂಮಿ’ ಯೋಜನೆ: ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು. ನಗರದವರು ಇದರಿಂದ ಕಲಿಯಬೇಕಾದ್ದು ಎರಡಿದೆ ಅನ್ನಿಸುತ್ತೆ. ‘ಭೂಮಿ’ಗೂ ಮುಂಚೆ, 1990ರ ದಶಕದ ಶುರುವಿನಲ್ಲೇ ಗಣಕೀಕರಣದ ಪ್ರಯತ್ನ ನಡೆದಿತ್ತು. ಡೇಟಾ ಎಂಟ್ರಿ ಏನೋ ಆಯಿತು, ಆದರೆ ಮ್ಯುಟೇಶನ್ ಮಾತ್ರ ಕೈಬರಹದ ಪುಸ್ತಕದಲ್ಲೇ ನಡೆಯುತ್ತಿತ್ತು. ಕಂಪ್ಯೂಟರಿನಲ್ಲಿದ್ದದ್ದು ಬೇಗನೆ ಹಳಸಿತು. ಎರಡು ಪಾತ್ರೆಗಳೂ ಚಾಲ್ತಿಯಲ್ಲಿದ್ದರೆ ಸತ್ಯ ಯಾವುದರಲ್ಲಿದೆ ಅನ್ನುವುದು ಗುಮಾಸ್ತನ ಮರ್ಜಿ. ಅದಕ್ಕೇ 2002ರ ಹೊತ್ತಿಗೆ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲ ಎಂದು ನಿಲ್ಲಿಸಿದರು. ಎರಡನೆಯದು, ಹಾಗೆ ನಿಲ್ಲಿಸುವ ಮುಂಚೆ ಕಂಪ್ಯೂಟರಿನ ಪ್ರತಿಯನ್ನು ಮುದ್ರಿಸಿ ಗ್ರಾಮಲೆಕ್ಕಿಗರ ಕೈಗೆ ಕೊಟ್ಟು, ಮೂಲ ಪುಸ್ತಕದ ಜೊತೆ ತಾಳೆ ನೋಡಿಸಿದರು. ತಾಳೆ ನೋಡುವ ಹೊಣೆ ಕಚೇರಿಯದ್ದಾಗಿತ್ತು.

ಹಾಗಂತ ‘ಭೂಮಿ’ ಸುಖಾಂತ್ಯವಲ್ಲ. ತಾಲ್ಲೂಕು ಕಚೇರಿ ಮುಂದೆ ನಿಂತ ಯಾವ ರೈತನನ್ನಾದರೂ ಕೇಳಿ, ‘ಮೂರು–ಒಂಬತ್ತು ತಾಳೆ ಆಗ್ತಿಲ್ಲ’ ಅನ್ನುತ್ತಾನೆ. ಕಾಲಂ 3ರಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಕಾಲಂ 9ರಲ್ಲಿ ಖಾತೆದಾರರ ಹೆಸರಿಗೊಂದೊಂದು ಪಾಲು. ಕೂಡಿಸಿದರೆ ಸರಿಹೋಗಬೇಕು. ಕಾಗದದಲ್ಲಿ ಎಷ್ಟೋ ವರ್ಷ ಹೊಂದದೇ ಇದ್ದದ್ದನ್ನು ಕಾಗದ ತಡೆದುಕೊಂಡಿತ್ತು, ತಂತ್ರಾಂಶ ತಡೆದುಕೊಳ್ಳಲಿಲ್ಲ. ತಪ್ಪು ಶಾನುಭೋಗರ ಕಾಲದ್ದಿರಬಹುದು, ಅಲೆದಾಟ ಮಾತ್ರ ಈಗಿನವನದ್ದು.

2024ರ ಅಕ್ಟೋಬರಿನಲ್ಲಿ ಬೆಂಗಳೂರು ಇ-ಖಾತೆಯನ್ನು ಕಡ್ಡಾಯ ಮಾಡಿದಾಗ ಕ್ರಮ ಬೇರೆ ಇತ್ತು. ರಿಜಿಸ್ಟರಿನಿಂದ ತೆಗೆದ ಕರಡು ಖಾತೆಗಳನ್ನು, 20 ಲಕ್ಷಕ್ಕೂ ಹೆಚ್ಚು, ವೆಬ್‌ಸೈಟಿನಲ್ಲಿ ಹಾಕಿ, ನಿಮ್ಮದನ್ನು ಹುಡುಕಿ, ಸರಿಪಡಿಸಿ, ಅಂತಿಮ ಖಾತೆ ಪಡೆಯಿರಿ ಅಂದರು. ಮಾಲೀಕ ಆಧಾರ್, ಕ್ರಯಪತ್ರದ ಸಂಖ್ಯೆ, ಆಸ್ತಿ ತೆರಿಗೆಯ ಅರ್ಜಿ ಸಂಖ್ಯೆ, ಬೆಸ್ಕಾಂ ಸಂಖ್ಯೆ, ಮನೆಯ ಫೋಟೋ ಕೊಡಬೇಕು. ಮನೆ ಎಲ್ಲಿದೆ ಅಂತ ನಕ್ಷೆಯಲ್ಲಿ ಗುರುತು ಹಾಕಬೇಕು. ಉದ್ದೇಶ ನನಗೆ ಒಪ್ಪಿಗೆ. ಒಂದೇ ಸೈಟನ್ನು ನಾಲ್ಕು ಜನಕ್ಕೆ ಮಾರುವ ನಕಲಿ ಖಾತೆ ದಂಧೆಗೆ ಕಡಿವಾಣ ಬೇಕಿತ್ತು. ಆದರೆ ತಾಳೆ ನೋಡುವ ಕೆಲಸ ಇಲ್ಲಿ ಕಚೇರಿಯಿಂದ ಮನೆಬಾಗಿಲಿಗೆ ಬಂತು. ಐಟಿ ಕೆಲಸದವರು ರಾತ್ರಿ ಕೂತು ಮುಗಿಸಿಕೊಂಡಾರು. ತಂದೆಯ ಹೆಸರಿನಲ್ಲಿ ಖಾತೆ ಉಳಿದುಹೋದ ವಿಧವೆ, ಆಧಾರಿನಲ್ಲಿ ‘ಲಕ್ಷ್ಮಮ್ಮ’, ಪತ್ರದಲ್ಲಿ ‘ಲಕ್ಷ್ಮೀದೇವಮ್ಮ’ ಆಗಿರುವವಳು ಮಧ್ಯವರ್ತಿಯ ಅಂಗಡಿಗೇ ಹೋಗುತ್ತಾಳೆ.

ಹಳೆಯ ಪತ್ರ ಹುಡುಕಲು ಹೊರಟರೆ ಇನ್ನೊಂದು ಗೋಡೆ. ನೋಂದಣಿ ಇಲಾಖೆಯ ‘ಕಾವೇರಿ’ಯಲ್ಲಿ ಆನ್‌ಲೈನ್ ಇಸಿ ಸಿಗುವುದು 2004ರ ಏಪ್ರಿಲ್‌ನಿಂದ ಈಚೆಗೆ. ಅದರ ಹಿಂದಿನದ್ದು ಸಬ್‌ರಿಜಿಸ್ಟ್ರಾರ್ ಕಚೇರಿಯ ಪುಸ್ತಕದಲ್ಲಿ ಕೈಯಿಂದ ಹುಡುಕಿಸಬೇಕು. ಅಪ್ಪ 1987ರಲ್ಲಿ ಕೊಂಡ ಸೈಟಿಗೆ ಪರದೆಯ ಮೇಲೆ ಚರಿತ್ರೆಯೇ ಇಲ್ಲ.

ಪುಸ್ತಕ ಎಲ್ಲಾ ಸರ್ವರಿಗೆ ಹೋದರೆ ಮುಗಿಯಿತು ಅನ್ನುವವರು ಅಮೆರಿಕದ ಡಲ್ಲಾಸ್ ನಗರದ ಕತೆ ಓದಬೇಕು. 2021ರಲ್ಲಿ ಅಲ್ಲಿನ ನಗರಾಡಳಿತದ ಒಬ್ಬ ಐಟಿ ನೌಕರ ಪೊಲೀಸ್ ಇಲಾಖೆಯ ಹಳೆಯ ಫೈಲುಗಳನ್ನು ಕ್ಲೌಡಿನಿಂದ ನಗರದ ಸ್ವಂತ ಸರ್ವರಿಗೆ ಸಾಗಿಸುತ್ತಿದ್ದ. ಸಾಗಿಸುವಾಗ 22 ಟೆರಾಬೈಟ್ ಅಳಿಸಿಹೋಯಿತು. 14ರಷ್ಟು ವಾಪಸ್ ಸಿಕ್ಕಿತು, ಸುಮಾರು 8 ಟೆರಾಬೈಟ್ ಸಿಗಲಿಲ್ಲ. ಆಮೇಲಿನ ತಪಾಸಣೆಯಲ್ಲಿ ಹೋದದ್ದು ಇನ್ನೂ ಹೆಚ್ಚು ಅಂತ ಗೊತ್ತಾಯಿತು. ನಗರಕ್ಕೆ ಇದು ತಿಳಿದದ್ದು ಏಪ್ರಿಲ್‌ನಲ್ಲಿ, ಜಿಲ್ಲಾ ಪ್ರಾಸಿಕ್ಯೂಟರ್ ಮೂಲಕ ಜನಕ್ಕೆ ತಿಳಿದದ್ದು ಆಗಸ್ಟ್‌ನಲ್ಲಿ. ಒಂದು ಕೊಲೆ ಪ್ರಕರಣದ ವಿಚಾರಣೆ ಮುಂದಕ್ಕೆ ಹೋಗಿ ಆರೋಪಿ ಜೈಲಿನಿಂದ ಹೊರಬಂದ. ಬೆಂಕಿ ಇಲ್ಲ, ಗೆದ್ದಲಿಲ್ಲ, ಕಳ್ಳನೂ ಇಲ್ಲ. ಕಾಗದ ಸುಟ್ಟರೆ ಊರಿಗೆಲ್ಲ ಹೊಗೆ ಕಾಣುತ್ತೆ, ಇಲ್ಲಿ ನಾಲ್ಕು ತಿಂಗಳು ಯಾರ ಕಣ್ಣಿಗೂ ಏನೂ ಕಾಣಲಿಲ್ಲ. ಹೊಸ ಜಾಗದಲ್ಲಿ ಎಲ್ಲವೂ ಸರಿಯಾಗಿ ಕೂತಿದೆ ಅಂತ ತಾಳೆ ನೋಡುವವರೆಗೆ ಹಳೆಯದನ್ನು ಮುಟ್ಟಬಾರದು ಅನ್ನುವುದು ಈ ಕೆಲಸದ ಮೊದಲ ಪಾಠ.

ಬೆಂಗಳೂರಿನಲ್ಲಿ ಈಗ ಮತ್ತೊಂದು ಸ್ಥಳಾಂತರ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದವು: ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. 1949ರಲ್ಲಿ ಎರಡನ್ನು ಒಂದು ಮಾಡಿದರು, 2007ರಲ್ಲಿ ಹತ್ತಾರನ್ನು ಒಂದು ಮಾಡಿದರು, ಈಗ ಒಂದನ್ನು ಐದು ಮಾಡಿದ್ದಾರೆ. ಆಯುಕ್ತರು ಯಾರು, ಕಚೇರಿ ಯಾವ ಕಟ್ಟಡದಲ್ಲಿ, ಗುತ್ತಿಗೆದಾರರ ಬಾಕಿ ಯಾರ ತಲೆಗೆ ಎಂದು ನಮ್ಮ ಪತ್ರಕರ್ತ ಮಿತ್ರರು ಕೇಳುತ್ತಿದ್ದಾರೆ. ವಾರ್ಡ್ ಕಚೇರಿಗಳ ಬೀರುವಿನಲ್ಲಿರುವ, ಕೆಂಪು ಬಟ್ಟೆ ಸುತ್ತಿದ ಆ ಮೂಲ ರಿಜಿಸ್ಟರುಗಳು ಯಾರ ಸುಪರ್ದಿಗೆ, ಪಟ್ಟಿ ಮಾಡಿ ಸಹಿ ಹಾಕಿಸಿಕೊಂಡರೇ ಎನ್ನುವುದನ್ನೂ ಅದೇ ಪತ್ರಿಕಾಗೋಷ್ಠಿಯಲ್ಲಿ ಕೇಳಬೇಕು. ಜಿಲ್ಲೆಗಳಲ್ಲಿರುವ ನಾವೂ ನಮ್ಮ ನಗರಸಭೆಗಳಲ್ಲಿ ಇದನ್ನೇ ಕೇಳಬಹುದು. ಮನೆಯಲ್ಲಿ ಅಜ್ಜನ ಕಾಲದ ಕಂದಾಯ ರಸೀದಿ ಇದ್ದರೆ ಲ್ಯಾಮಿನೇಟ್ ಮಾಡಿಸಲು ಹೋಗಬೇಡಿ. ಒಂದು ಸ್ಕ್ಯಾನ್ ತೆಗೆಸಿ, ಮೂಲವನ್ನು ಹಾಗೇ ಒಣ ಜಾಗದಲ್ಲಿಡಿ.